ಲಿಯೋನಿನಲ್ಲಿ ನೇಕಾರರ ಊಟ

ಗುರುವಾರ

ಪ್ಯಾರಿಸ್‌ನಿಂದ ಲಿಯೋನಿಗೆ ಟಿಜಿವಿ ರೈಲಿನಲ್ಲಿ ಎರಡು ಗಂಟೆಯ ದಾರಿ. 1981ರಲ್ಲಿ ಫ್ರಾನ್ಸ್ ತನ್ನ ಮೊದಲ ಅತಿವೇಗದ ರೈಲು ಓಡಿಸಿದ್ದೂ ಇವೇ ಎರಡು ಊರುಗಳ ನಡುವೆ. ಹೊಲದಲ್ಲಿ ಮೇಯುತ್ತಿದ್ದ ಬಿಳಿ ಶಾರೊಲೆ ದನಗಳನ್ನು ಕಣ್ತುಂಬ ನೋಡುವುದಕ್ಕೂ ಬಿಡದೆ ರೈಲು ನಮ್ಮನ್ನು ಪಾರ್ ದಿಯೂ ನಿಲ್ದಾಣಕ್ಕೆ ತಂದು ಹಾಕಿತು.

ನಾವು ಮೂವರು ಬೆಂಗಳೂರಿನಿಂದ ಹೊರಟವರು. ನಾಲ್ಕನೆಯವನು ಗ್ರೆನೋಬಲ್‌ನಲ್ಲಿ ಕೆಲಸಕ್ಕಿದ್ದಾನೆ, ಲಿಯೋನ್ ಅವನಿಗೆ ವಾರಾಂತ್ಯಕ್ಕೆ ಬಂದು ಹೋಗುವ ಊರು. ಕಾಲೇಜಿನಲ್ಲಿ ನಾವು ಯಾರೂ ಯಾರನ್ನೂ ಹೆಸರು ಹಿಡಿದು ಕರೆದದ್ದಿಲ್ಲ, ಊರೇ ಹೆಸರು. ಆ ಚಾಳಿ ಇನ್ನೂ ಬಿಟ್ಟಿಲ್ಲ. ಗ್ರೆನೋಬಲ್‌ನವನು ಪುತ್ತೂರು, ಮಾಂಸದ ವಿಷಯದಲ್ಲಿ ಯಾವ ಭೇದಭಾವವೂ ಇಲ್ಲದವನು. ಧಾರವಾಡ ನಮ್ಮ ಗುಂಪಿನ ಹೆಣ್ಣುಮಗಳು. ಮೊಟ್ಟೆಯವರೆಗೆ ಬರುತ್ತಾಳೆ, ಅದರಾಚೆ ಒಂದು ಹೆಜ್ಜೆ ಇಡುವುದಿಲ್ಲ. ಇನ್ನೊಬ್ಬ ದೊಡ್ಡಬಳ್ಳಾಪುರ. ಫ್ರಾನ್ಸಿಗೆ ಹೋದಮೇಲೆ ಲಿಯೋನಿಗೆ ಹೋಗದೆ ಬರುವಂತಿಲ್ಲ ಎಂದು ಹಟ ಹಿಡಿದವನು ಅವನೇ. ಅವರ ಮನೆಯಲ್ಲಿ ತಾತನ ಕಾಲದಿಂದ ರೇಷ್ಮೆ ಸೀರೆ ನೇಯುತ್ತಾರೆ, ಇವನೊಬ್ಬ ಮಾತ್ರ ಮಗ್ಗ ಬಿಟ್ಟು ಕಂಪ್ಯೂಟರ್ ಮುಂದೆ ಕೂತ. "ಐಫೆಲ್ ಟವರ್ ಫೋಟೋದಲ್ಲಿ ನೋಡಿದ್ರೂ ಆಗುತ್ತೆ ಗುರು. ಜಕಾರ್ಡ್ ಹುಟ್ಟಿದ ಊರು ಹೋಗೇ ನೋಡ್ಬೇಕು" ಎಂದಿದ್ದ. ಜಕಾರ್ಡ್ ಎಂದರೆ ಮಗ್ಗದ ನೆತ್ತಿಯ ಮೇಲೆ ಕೂತು ಬಟ್ಟೆಯಲ್ಲಿ ಚಿತ್ತಾರ ಮೂಡಿಸುವ ಯಂತ್ರ. ಉಳಿದ ನಮ್ಮನ್ನು ಒಪ್ಪಿಸಿದ್ದು ಜಕಾರ್ಡ್ ಅಲ್ಲ, ಫ್ರಾನ್ಸಿನ ಊಟದ ರಾಜಧಾನಿ ಎಂದು ಆ ಊರಿಗಿರುವ ಹೆಸರು.

ಲಿಯೋನಿನ ನಕ್ಷೆ ಬೇಗ ತಲೆಗೆ ಹತ್ತುತ್ತದೆ. ರೋನ್ ಮತ್ತು ಸೋನ್ ಎಂಬ ಎರಡು ನದಿಗಳು ಊರೊಳಗೆ ಅಕ್ಕಪಕ್ಕ ಹರಿದು ದಕ್ಷಿಣದ ತುದಿಯಲ್ಲಿ ಕೂಡುತ್ತವೆ. ನಡುವಿನ ಉದ್ದನೆಯ ನೆಲಕ್ಕೆ ಪ್ರೆಸ್ಕೀಲ್ ಎಂದು ಹೆಸರು. ಅಂಗಡಿ, ಚೌಕ, ಹೋಟೆಲುಗಳ ಗದ್ದಲವೆಲ್ಲ ಅಲ್ಲೇ. ಪಶ್ಚಿಮಕ್ಕೆ ಫೂರ್ವಿಯೇರ್ ಗುಡ್ಡ, ಉತ್ತರಕ್ಕೆ ಕ್ರುವಾ ರೂಸ್ ಗುಡ್ಡ. ಮೊದಲನೆಯದು ಪ್ರಾರ್ಥಿಸುವ ಗುಡ್ಡ, ಎರಡನೆಯದು ದುಡಿಯುವ ಗುಡ್ಡ ಎನ್ನುವುದು ಊರಿನವರ ಮಾತು. ನಮ್ಮ ಬಾಡಿಗೆ ಮನೆ ಇದ್ದದ್ದು ಪ್ರೆಸ್ಕೀಲ್‌ನಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಸೂಟ್‌ಕೇಸ್ ಹೊತ್ತು ಹತ್ತುವಾಗ ನಮಗೆ ಎರಡೂ ಗುಡ್ಡದ ಕೆಲಸ ಒಟ್ಟಿಗೇ ಆಯಿತು.

ಸಂಜೆ ಕೆಂಪು ಮಣ್ಣು ಹಾಸಿದ ಬೆಲ್‌ಕೂರ್ ಚೌಕದಲ್ಲಿ ಕುದುರೆಯೇರಿದ ಹದಿನಾಲ್ಕನೇ ಲೂಯಿಯನ್ನು ದಾಟಿ ತೆರ್ರೋ ಚೌಕಕ್ಕೆ ನಡೆದೆವು. ಅಲ್ಲಿನ ಕಾರಂಜಿಯನ್ನು ಮಾಡಿದವನು ಅಮೆರಿಕದ ಸ್ವಾತಂತ್ರ್ಯ ದೇವಿಯ ಪ್ರತಿಮೆ ಮಾಡಿದ ಬಾರ್ತೋಲ್ಡಿ. ನಾಲ್ಕು ಕುದುರೆಗಳು ಮೂಗಿನಲ್ಲಿ ನೀರಿನ ಹಬೆ ಬಿಡುತ್ತ ರಥ ಎಳೆಯುತ್ತಿವೆ, ರಥದಲ್ಲಿ ನಿಂತವಳು ಗಾರೋನ್ ನದಿ. ಗಾರೋನ್ ಹರಿಯುವುದು ದೂರದ ಬೋರ್ಡೋದಲ್ಲಿ. ಕಾರಂಜಿ ಯೋಚಿಸಿದ್ದೂ ಆ ಊರಿಗಾಗಿಯೇ. ಅವರಿಗೆ ಬೆಲೆ ಕೈಗೆಟುಕಲಿಲ್ಲ, ಲಿಯೋನಿನವರು ಕೊಂಡು 1892ರಲ್ಲಿ ಇಲ್ಲಿ ನಿಲ್ಲಿಸಿದರು. ಮನೆಯಲ್ಲೇ ಎರಡು ನದಿ ಇಟ್ಟುಕೊಂಡು ದೂರದೂರಿನ ನದಿಯನ್ನು ಕೂರಿಸಿ ಪೂಜೆ ಮಾಡುವುದೆಂದರೆ ದೊಡ್ಡ ಮನಸ್ಸೇ ಸರಿ.

ಏಳು ಗಂಟೆಗೆ ಊಟದ ಮನೆಗಳು ಬಾಗಿಲು ತೆರೆದವು. ಲಿಯೋನಿನ ಹಳೆಯ ಬಗೆಯ ಊಟದ ಮನೆಗೆ ಬೂಶೋನ್ ಎನ್ನುತ್ತಾರೆ. ಕೆಂಪು ಬಿಳಿ ಚೌಕುಳಿಯ ಮೇಜುಬಟ್ಟೆ, ಗೋಡೆಯ ಮೇಲೆ ತಾಮ್ರದ ಪಾತ್ರೆಗಳು, ಪಕ್ಕದವರ ಮೊಣಕೈ ತಾಗುವಷ್ಟು ಒತ್ತೊತ್ತಾದ ಕುರ್ಚಿಗಳು. ದನ, ಕರು, ಹಂದಿಗಳ ಒಳ್ಳೆಯ ತುಂಡುಗಳು ಸಿರಿವಂತರ ಮನೆಗೆ ಹೋದಮೇಲೆ ಉಳಿಯುವ ಕರುಳು, ಹೊಟ್ಟೆ, ಕಾಲು, ತಲೆಗಳನ್ನು ದುಡಿಯುವ ಜನಕ್ಕೆ ರುಚಿಯಾಗಿ ಬೇಯಿಸಿ ಹಾಕಿದ ಜಾಗ ಇದು. ಬೆಂಗಳೂರಿನ ಹಳೆಯ ಮಿಲಿಟರಿ ಹೋಟೆಲುಗಳಲ್ಲಿ ಉಂಡವರಿಗೆ ಇಲ್ಲಿ ಪರಕೀಯವೆನಿಸುವುದಿಲ್ಲ. ಮೆನು ಚಿಕ್ಕದು, ಬಡಿಸುವವರಿಗೆ ನಯ ವಿನಯಕ್ಕೆ ಪುರಸೊತ್ತಿಲ್ಲ, ತಟ್ಟೆಯಲ್ಲಿ ಬಿಟ್ಟರೆ ಮಾತ್ರ ಕೇಳುತ್ತಾರೆ, ಯಾಕೆ, ಚೆನ್ನಾಗಿಲ್ಲವೇ ಎಂದು.

ಪುತ್ತೂರು ಯಾರನ್ನೂ ಕೇಳದೆ ತಾಬ್ಲಿಯೇ ದ ಸಾಪರ್ ಹೇಳಿದ. ದನದ ಬೋಟಿಯನ್ನು ಬೇಯಿಸಿ, ಬಿಳಿ ವೈನಿನಲ್ಲಿ ನೆನೆಸಿ, ಬ್ರೆಡ್ ಪುಡಿ ಮೆತ್ತಿ, ಅಂಗೈಗಿಂತ ದೊಡ್ಡ ಚಪ್ಪಟೆ ತುಂಡಾಗಿ ಕರಿದದ್ದು. ಜೊತೆಗೆ ಬೆಂದ ಮೊಟ್ಟೆ, ಕೇಪರ್, ಸೊಪ್ಪು ಕಲಸಿದ ಹುಳಿ ಸಾಸು. ಹೊರಗೆ ಗರಿಗರಿ, ಒಳಗೆ ಅಂಟಂಟು ಮೆತ್ತಗೆ. ಖಾರ ಇಲ್ಲ ಎನ್ನುವುದೊಂದೇ ಕೊರತೆ, ಅದನ್ನು ನಮ್ಮ ಮೇಜಿನಲ್ಲಿದ್ದ ಸಾಸಿವೆ ತುಂಬಿಕೊಟ್ಟಿತು. ನಾನು ಹೇಳಿದ್ದು ಆಂದೂಯೆತ್, ಕರುಳನ್ನೇ ಕರುಳೊಳಗೆ ತುಂಬಿದ ಸಾಸೇಜು. ಅದರ ವಾಸನೆ ತಟ್ಟೆಗಿಂತ ಮೊದಲು ಮೇಜಿಗೆ ಬಂತು. ಮೊದಲ ನಾಲ್ಕು ತುತ್ತು ಕುತೂಹಲಕ್ಕೆ ಇಳಿದವು, ಐದನೆಯದು ಇಳಿಯಲಿಲ್ಲ. "ಎಂತ ಮಾರಾಯ, ಇಷ್ಟು ದೂರ ಬಂದು ಬಿಡ್ತೀಯಾ?" ಎಂದು ಪುತ್ತೂರು ನನ್ನ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡ. ಇದನ್ನು ಪ್ರೀತಿಸಲು ಬೇರೆ ಮೂಗು ಬೇಕು.

ಧಾರವಾಡದ್ದು ದೊಡ್ಡ ಪಂಚಾಯಿತಿ. ಲಿಯೋನಿನ ಸಲಾಡ್ ಎಂದರೆ ಕಹಿ ಸೊಪ್ಪು, ಹುರಿದ ಬ್ರೆಡ್ ಚೂರು, ಮೇಲೊಂದು ನೀರಿನಲ್ಲಿ ಒಡೆದು ಹಾಕಿ ಬೇಯಿಸಿದ ಮೊಟ್ಟೆ, ಮತ್ತು ಬೇಕನ್ ತುಂಡುಗಳು. ಬೇಕನ್ ಬಿಟ್ಟು ಕೊಡಿ ಎಂದು ಪುತ್ತೂರು ತನ್ನ ಫ್ರೆಂಚ್‌ನಲ್ಲಿ ಹೇಳಿದ. ಬಡಿಸುವಾಕೆ ಒಂದು ಕ್ಷಣ ನಿಂತು, ಹಾಗಾದರೆ ಅದರಲ್ಲಿ ಉಳಿಯುವುದೇನು ಎಂಬಂತೆ ನೋಡಿ, ಹೋಗಿ ಎರಡು ಮೊಟ್ಟೆ ಹಾಕಿಸಿಕೊಂಡು ಬಂದಳು. ಲೆಕ್ಕದಲ್ಲಿ ಒಂದಕ್ಕೇ ದುಡ್ಡು. "ಭಾರಿ ಛಲೋ ಹೆಣ್ಮಗಳು" ಎಂದು ಧಾರವಾಡ ತೀರ್ಪು ಕೊಟ್ಟಳು. ವೈನು ಬಂದದ್ದು ಪೋ ಎಂಬ ಶೀಶೆಯಲ್ಲಿ. ಅದಕ್ಕೆ ಹಿಡಿಯುವುದು 46 ಸೆಂಟಿಲೀಟರ್. ತಳದ ಗಾಜು ಎಷ್ಟು ದಪ್ಪವೆಂದರೆ, ಖಾಲಿಯಾದರೂ ತೂಕಕ್ಕೆ ಇನ್ನೂ ಇದೆ ಎನಿಸುತ್ತದೆ.

ಶುಕ್ರವಾರ

ಹತ್ತುವುದಕ್ಕೆ ಯಂತ್ರ, ಇಳಿಯುವುದಕ್ಕೆ ಕಾಲು ಎಂದು ತೀರ್ಮಾನಿಸಿ, ಹಳೆಯ ಲಿಯೋನಿನಿಂದ ಹಗ್ಗದ ಮೇಲೆ ಎಳೆಯುವ ಪುಟ್ಟ ರೈಲಿನಲ್ಲಿ ಫೂರ್ವಿಯೇರ್ ಏರಿದೆವು. ಟಿಕೆಟ್ಟು ಮೆಟ್ರೋದ್ದೇ ಸಾಕು.

ಊರು ಹುಟ್ಟಿದ್ದು ಈ ಗುಡ್ಡದ ಮೇಲೆ. ಕ್ರಿಸ್ತಪೂರ್ವ 43ರಲ್ಲಿ ರೋಮನ್ನರು ಇಲ್ಲಿ ಲುಗ್ದುನುಮ್ ಎಂಬ ನೆಲೆ ಕಟ್ಟಿದರು, ಅದೇ ಇಂದಿನ ಫ್ರಾನ್ಸಿನ ಸೀಮೆಯ ಗಾಲ್ ಪ್ರಾಂತ್ಯಗಳಿಗೆ ರಾಜಧಾನಿಯಾಯಿತು. ಸುಮಾರು ಹತ್ತು ಸಾವಿರ ಜನ ಕೂರಬಹುದಾದ ಕಲ್ಲಿನ ರಂಗಮಂದಿರ ಇಳಿಜಾರಿಗೆ ಒರಗಿ ಈಗಲೂ ಇದೆ, ಬೇಸಿಗೆಯಲ್ಲಿ ಅಲ್ಲಿ ಸಂಗೀತ, ನಾಟಕ ನಡೆಯುತ್ತವೆ. ಪಕ್ಕದ ವಸ್ತುಸಂಗ್ರಹಾಲಯವನ್ನು ಗುಡ್ಡದೊಳಗೇ ಹುದುಗಿಸಿದ್ದಾರೆ. ಅಲ್ಲಿ ನಾವು ಹೆಚ್ಚು ಹೊತ್ತು ನಿಂತದ್ದು ಒಂದು ಕಂಚಿನ ಫಲಕದ ಮುಂದೆ. ಇದೇ ಊರಿನಲ್ಲಿ ಹುಟ್ಟಿ ಚಕ್ರವರ್ತಿಯಾದ ಕ್ಲಾಡಿಯಸ್, ಗಾಲ್‌ನ ಮುಖಂಡರನ್ನೂ ರೋಮಿನ ಸೆನೆಟಿಗೆ ಸೇರಿಸಿಕೊಳ್ಳಬೇಕೆಂದು ಕ್ರಿಸ್ತಶಕ 48ರಲ್ಲಿ ಮಾಡಿದ ಭಾಷಣವನ್ನು ಅದರಲ್ಲಿ ಕೆತ್ತಿದ್ದಾರೆ. 1528ರಲ್ಲಿ ಕ್ರುವಾ ರೂಸ್ ಗುಡ್ಡದ ದ್ರಾಕ್ಷಿತೋಟವೊಂದರಲ್ಲಿ ಸಿಕ್ಕಿದ್ದು. ಅಕ್ಷರಗಳು ನಿನ್ನೆ ಕೊರೆದಷ್ಟು ಚೂಪು. "ತಮ್ಮೂರಿನವರಿಗೆ ಸೀಟು ಕೇಳಿದ್ದನ್ನ ಹಿತ್ತಾಳಿ ತಗಡಿನ್ಯಾಗ ಬರಸೋದು ಆವಾಗೂ ಇತ್ತಲಾ" ಎಂದಳು ಧಾರವಾಡ. ಹಿತ್ತಾಳೆಯಲ್ಲ, ಕಂಚು ಎಂದೆ. ಅವಳಿಗೆ ಅದು ಮುಖ್ಯವಾಗಲಿಲ್ಲ.

ಗುಡ್ಡದ ನೆತ್ತಿಯ ಬೆಸಿಲಿಕಾ ಊರಿನ ಯಾವ ಮೂಲೆಯಿಂದಲೂ ಕಾಣುತ್ತದೆ. 1872ರಲ್ಲಿ ಕಟ್ಟಲು ಶುರುಮಾಡಿದ್ದು. ನಾಲ್ಕು ಮೂಲೆಗೆ ನಾಲ್ಕು ಗೋಪುರ ನಿಗುರಿಸಿಕೊಂಡ ಇದನ್ನು ಲಿಯೋನಿನವರೇ ಕಾಲು ಮೇಲಾಗಿ ಬಿದ್ದ ಆನೆ ಎಂದು ಆಡಿಕೊಳ್ಳುತ್ತಾರೆ. ಒಳಗೆ ಚಿನ್ನ, ಮೊಸಾಯಿಕ್, ಬಣ್ಣದ ಅಮೃತಶಿಲೆ ಇಲ್ಲದ ಒಂದು ಗೇಣು ಜಾಗವಿಲ್ಲ. ನನಗಂತೂ ಕಣ್ಣು ದಣಿಯಿತು. ಪಕ್ಕದ ಹಳೆಯ ಪ್ರಾರ್ಥನಾಮಂದಿರದ ಮೇಲಿನ ಮೇರಿಯ ಚಿನ್ನದ ಪ್ರತಿಮೆಯ ಕಥೆ ಹೆಚ್ಚು ಹಿಡಿಸಿತು. 1852ರ ಸೆಪ್ಟೆಂಬರ್‌ನಲ್ಲಿ ಆಗಬೇಕಿದ್ದ ಅದರ ಪ್ರತಿಷ್ಠೆ ಸೋನ್ ನದಿಯ ಪ್ರವಾಹದಿಂದಾಗಿ ಡಿಸೆಂಬರ್ 8ಕ್ಕೆ ಹೋಯಿತು. ಅಂದೂ ಬಿರುಗಾಳಿ ಮಳೆ. ಸಂಜೆಗೆ ಆಕಾಶ ತಿಳಿಯಾಗಿದ್ದೇ ಜನ ತಮ್ಮ ತಮ್ಮ ಕಿಟಕಿಗಳಲ್ಲಿ ಮೇಣದಬತ್ತಿ ಹಚ್ಚಿಟ್ಟರು. ಇಂದಿಗೂ ಪ್ರತಿ ಡಿಸೆಂಬರ್ 8ರಂದು ಊರಿಗೆ ಊರೇ ದೀಪ ಹಚ್ಚುತ್ತದೆ, ಅದನ್ನು ನೋಡಲು ಲಕ್ಷಗಟ್ಟಲೆ ಜನ ಬರುತ್ತಾರೆ. ನಾವು ಹೋದದ್ದು ಸೆಪ್ಟೆಂಬರ್ ಕೊನೆಯಲ್ಲಿ, ಹಾಗಾಗಿ ಕಥೆಯಷ್ಟೇ ನಮ್ಮ ಪಾಲಿಗೆ.

ತೋಟದ ಕಾಲುದಾರಿಯಲ್ಲಿ ಇಳಿದು ಹಳೆಯ ಲಿಯೋನಿಗೆ ಬಂದೆವು. ಹದಿನೈದು, ಹದಿನಾರನೇ ಶತಮಾನಗಳ ಮನೆಗಳು, ಕಿತ್ತಳೆ, ಗುಲಾಬಿ, ಜೇನುಬಣ್ಣದ ಗೋಡೆಗಳು. ಇಲ್ಲಿ ಮಾಡಬೇಕಾದ ಕೆಲಸವೆಂದರೆ ಬೇರೆಯವರ ಮನೆ ಬಾಗಿಲು ತಳ್ಳುವುದು. ಬೀದಿಗೆ ಸಾಧಾರಣ ಬಾಗಿಲಿನಂತೆ ಕಾಣುವುದನ್ನು ದೂಡಿದರೆ ಕತ್ತಲೆಯ ಓಣಿ, ಅದರಾಚೆ ಬೆಳಕಿನ ಅಂಗಳ, ಸುತ್ತು ಮೆಟ್ಟಿಲಿನ ಗೋಪುರ, ಮತ್ತೆ ಓಣಿ, ಕೊನೆಗೆ ಇನ್ನೊಂದೇ ಬೀದಿ. ಇವು ತ್ರಾಬೂಲ್‌ಗಳು. ಸೇಂ ಜಾನ್ ಬೀದಿಯ 54ನೇ ನಂಬರಿನಲ್ಲಿ ಹೊಕ್ಕು ಬ್ಯೋಫ್ ಬೀದಿಯ 27ನೇ ನಂಬರಿನಲ್ಲಿ ಹೊರಬರುವುದು ಈ ಭಾಗದಲ್ಲಿ ಎಲ್ಲಕ್ಕಿಂತ ಉದ್ದನೆಯದು. ಜನ ವಾಸ ಮಾಡುವ ಮನೆಗಳಿವು. ನಗರಸಭೆ ಮತ್ತು ನಿವಾಸಿಗಳ ಒಪ್ಪಂದದಿಂದಾಗಿ ಕೆಲವು ಮಾತ್ರ ಹಗಲಲ್ಲಿ ತೆರೆದಿರುತ್ತವೆ, ಗಲಾಟೆ ಮಾಡುವಂತಿಲ್ಲ. ಎರಡನೇ ಮಹಾಯುದ್ಧದಲ್ಲಿ ನಾಜಿಗಳ ಕಣ್ಣು ತಪ್ಪಿಸಲು ಪ್ರತಿರೋಧ ಚಳವಳಿಯವರಿಗೆ ಈ ಓಣಿಗಳು ಒದಗಿ ಬಂದವು. ಆ ಚಳವಳಿಯ ನಾಯಕ ಜ್ಯಾನ್ ಮುಲಾಂ 1943ರ ಜೂನ್‌ನಲ್ಲಿ ಸೆರೆಸಿಕ್ಕಿದ್ದು ಲಿಯೋನಿನ ಅಂಚಿನ ಕಾಲ್ವಿರ್‌ನಲ್ಲಿ, ವೈದ್ಯರೊಬ್ಬರ ಮನೆಯಲ್ಲಿ.

ಊಟಕ್ಕೆ ಪುತ್ತೂರು ಅವಸರ ಮಾಡಿದ. ಇಲ್ಲಿ ಮಧ್ಯಾಹ್ನ ಎರಡಕ್ಕೆ ಅಡುಗೆಮನೆ ಮುಚ್ಚಿತೆಂದರೆ ಮುಚ್ಚಿತು, ಹಸಿವು ನಿಮ್ಮ ಖಾಸಗಿ ವಿಷಯ. ಇಂದಿನ ಸರದಿ ಕನೆಲ್. ಪೈಕ್ ಎಂಬ ಸಿಹಿನೀರಿನ ಮೀನಿಗೆ ಮುಳ್ಳು ವಿಪರೀತ, ತುಂಡು ಮಾಡಿ ತಿನ್ನುವ ಹಾಗಿಲ್ಲ. ಹಾಗಾಗಿ ಮಾಂಸವನ್ನು ಅರೆದು ಜರಡಿ ಹಿಡಿದು, ಹಿಟ್ಟು, ಬೆಣ್ಣೆ, ಮೊಟ್ಟೆ ಸೇರಿಸಿ, ಉದ್ದನೆಯ ಉಂಡೆ ಕಟ್ಟಿ ನೀರಿನಲ್ಲಿ ಬೇಯಿಸುತ್ತಾರೆ. ಆಮೇಲೆ ಸಿಗಡಿಯ ಜಾತಿಯ ಕ್ರೇಫಿಶ್‌ನ ಕೆನೆ ಸಾಸಿನಲ್ಲಿ ಮುಳುಗಿಸಿ ಒಲೆಯಲ್ಲಿ ಇಟ್ಟರೆ ಎರಡರಷ್ಟು ಉಬ್ಬುತ್ತದೆ. ಚಮಚ ಇಟ್ಟರೆ ಗಾಳಿಗೆ ಇಟ್ಟಂತೆ. ದೊಡ್ಡಬಳ್ಳಾಪುರ ಸಾಸನ್ನು ಬ್ರೆಡ್ಡಿನಲ್ಲಿ ಒರೆಸಿ ತಟ್ಟೆ ತೊಳೆದಿಟ್ಟ ಹಾಗೆ ಮಾಡಿದ. ಮೀನು ಹಾಕದ ಕನೆಲ್ ಕೂಡ ಮಾಡುತ್ತಾರೆ ಎಂಬುದು ಧಾರವಾಡಕ್ಕೆ ಸಿಕ್ಕ ವರ. ಅವಳು ಅದನ್ನು ಟೊಮೆಟೊ ಸಾಸಿನಲ್ಲಿ ಬೇಯಿಸಿಕೊಂಡು ತಿಂದಳು. ನನ್ನ ಪ್ರಕಾರ ಈ ಊರಿಗೆ ಬಂದವರು ಒಂದೇ ತಿನಿಸು ತಿನ್ನುವುದಾದರೆ ಇದನ್ನು ತಿನ್ನಬೇಕು.

ಮಧ್ಯಾಹ್ನದ ಮೇಲೆ ಗಾದಾನ್ ವಸ್ತುಸಂಗ್ರಹಾಲಯದಲ್ಲಿ ಗಿನ್ಯೋಲ್ ಗೊಂಬೆಯ ಭೇಟಿ. ಅದನ್ನು ಹುಟ್ಟಿಸಿದ ಲೊರಾಂ ಮೂರ್ಗೆ ಮೊದಲು ರೇಷ್ಮೆ ನೇಕಾರ, ಕೆಲಸ ಕೈಬಿಟ್ಟಾಗ ಸಂತೆಯಲ್ಲಿ ಹಲ್ಲು ಕೀಳುವವನಾದ. ಗಿರಾಕಿಗಳನ್ನು ಸೇರಿಸಲು ಗೊಂಬೆ ಆಡಿಸುತ್ತಿದ್ದವನು ಕೊನೆಗೆ ಹಲ್ಲು ಬಿಟ್ಟು ಗೊಂಬೆಯನ್ನೇ ಹಿಡಿದ. ಗಿನ್ಯೋಲ್ ಕೂಡ ನೇಕಾರನೇ. ಮನೆ ಮಾಲೀಕನನ್ನು ಗೇಲಿ ಮಾಡುತ್ತಾನೆ, ಪೊಲೀಸಿನವನಿಗೆ ದೊಣ್ಣೆಯಲ್ಲಿ ಬಾರಿಸುತ್ತಾನೆ. ಸುಮಾರು 1808ರಿಂದ ಬಾರಿಸುತ್ತಲೇ ಇದ್ದಾನೆ.

ಶನಿವಾರ

ಇದು ದೊಡ್ಡಬಳ್ಳಾಪುರದ ದಿನ. ಎಂದೂ ಎಂಟಕ್ಕೆ ಮುಂಚೆ ಏಳದವನು ಆರೂವರೆಗೆ ಬೂಟು ಕಟ್ಟಿ ಕೂತಿದ್ದ.

ಕ್ರುವಾ ರೂಸ್‌ಗೆ ಹೋಗುವ ಮೆಟ್ರೋ ಹಳಿಗಳ ನಡುವೆ ಹಲ್ಲಿನ ಪಟ್ಟಿ ಕಚ್ಚಿಕೊಂಡು ಗುಡ್ಡ ಹತ್ತುತ್ತದೆ. ಬೋಗಿಯಲ್ಲಿ ನಿಂತವರು ಓರೆಯಾಗುತ್ತಾರೆ, ಅಭ್ಯಾಸವಿದ್ದವರು ಓದುತ್ತಿರುವ ಪುಸ್ತಕದಿಂದ ತಲೆ ಎತ್ತುವುದಿಲ್ಲ. ಮೇಲೆ ಉದ್ದನೆಯ ಬುಲೆವಾರ್ಡ್‌ನಲ್ಲಿ ಸಂತೆ. ಕಪ್ಪು ಅಂಜೂರ, ಕೊನೆಯ ಟೊಮೆಟೊ, ಮೊದಲ ಅಣಬೆ, ಮೇಕೆ ಹಾಲಿನ ಚೀಸಿನ ಬಿಲ್ಲೆಗಳು. ಅಂಗಡಿಯವರಿಗೆ ಬೋಂಜೂರ್ ಹೇಳದೆ ಹಣ್ಣು ಮುಟ್ಟಬಾರದು ಎಂದು ಪುತ್ತೂರು ಎಚ್ಚರಿಸಿದ್ದ. ಹೇಳಿದಮೇಲೂ ಮುಟ್ಟಬಾರದು, ಅವರೇ ಆರಿಸಿ ಕೊಡುತ್ತಾರೆ. ಇವತ್ತು ತಿನ್ನುವುದಕ್ಕೋ ನಾಳೆಗೋ ಎಂದು ಕೇಳಿ ಅದಕ್ಕೆ ತಕ್ಕ ಹಣ್ಣು ತೆಗೆದದ್ದು ನೋಡಿ ಧಾರವಾಡ ಬೆರಗಾದಳು.

ಒಂಬತ್ತಕ್ಕೆ ಮಾಶೋನ್. ನೇಕಾರರು ಬೆಳಗಿನ ಜಾವವೇ ಮಗ್ಗಕ್ಕೆ ಕೂತು, ಒಂಬತ್ತರ ಹೊತ್ತಿಗೆ ಕೈ ತೊಳೆದು ಬಂದು ತಿನ್ನುತ್ತಿದ್ದ ಗಟ್ಟಿ ಊಟ ಇದು. ಈಗಲೂ ಕೆಲವು ಕಡೆ ಬಡಿಸುತ್ತಾರೆ: ಹಂದಿಯ ಸಾಸೇಜು, ಬೇಯಿಸಿದ ಬೋಟಿ, ಎಣ್ಣೆ ಹುಳಿ ಹಾಕಿದ ಚನ್ನಂಗಿ ಬೇಳೆಯ ಸಲಾಡ್, ಚೀಸು, ಮತ್ತು ಬೆಳಗ್ಗೆಯೇ ಬೋಜೊಲೆ ವೈನು. ಪಕ್ಕದ ಮೇಜಿನಲ್ಲಿ ನಿವೃತ್ತರ ತಂಡವೊಂದು ಎರಡನೇ ಶೀಶೆಗೆ ಬಂದಿತ್ತು. ಧಾರವಾಡಕ್ಕೆ ಬೇಳೆ ಸಿಕ್ಕಿತು, ಜೊತೆಗೆ ಸೆರ್ವೆಲ್ ದ ಕಾನ್ಯು. ಕೆನೆಯಾದ ಹಸಿ ಚೀಸಿಗೆ ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಹಸಿ ಸೊಪ್ಪು, ಎಣ್ಣೆ, ವಿನಿಗರ್ ಹಾಕಿ ಕಡೆದದ್ದು. ಮಾಂಸಕ್ಕೆ ಗತಿಯಿಲ್ಲದ ದಿನ ನೇಕಾರರು ಬ್ರೆಡ್ಡಿಗೆ ನೆಂಚಿಕೊಳ್ಳುತ್ತಿದ್ದದ್ದು ಇದನ್ನೇ. ಮೂರು ದಿನದಿಂದ ಹೊಂದಾಣಿಕೆಯಲ್ಲೇ ಉಂಡವಳಿಗೆ ಯಾರನ್ನೂ ಕೇಳಿಕೊಳ್ಳದೆ ಸಿಕ್ಕ ತಿನಿಸು. "ಇದನ್ನ ಮದಲ ಯಾಕ ಹೇಳಲಿಲ್ಲಲೇ?" ಎಂದು ಪುತ್ತೂರಿಗೆ ಬೈದು ಇನ್ನೊಂದು ಬಟ್ಟಲು ತರಿಸಿದಳು.

ಅಲ್ಲಿಂದ ಕಾನ್ಯುಗಳ ಮನೆಗೆ. ಕಾನ್ಯು ಎಂದರೆ ಲಿಯೋನಿನ ರೇಷ್ಮೆ ನೇಕಾರ. ಈ ಪುಟ್ಟ ಸಂಗ್ರಹಾಲಯದಲ್ಲಿ ಕೈಮಗ್ಗಗಳು ಇನ್ನೂ ಓಡುತ್ತವೆ, ತೋರಿಸುವವರು ನೇಯ್ದೇ ತೋರಿಸುತ್ತಾರೆ. ವಿವರಣೆ ಫ್ರೆಂಚ್‌ನಲ್ಲಿ. ನಮ್ಮ ಕಿವಿಗೆ ಅರ್ಥವಾಗದಿದ್ದರೂ ಕೊರತೆಯೆನಿಸಲಿಲ್ಲ, ದೊಡ್ಡಬಳ್ಳಾಪುರ ಆಗಲೇ ಕನ್ನಡದಲ್ಲಿ ಶುರುಮಾಡಿಬಿಟ್ಟಿದ್ದ. ಮಗ್ಗದ ನೆತ್ತಿಯ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆ. "ನೋಡ್ರೋ, ಒಂದು ಕಾರ್ಡಿಗೆ ಒಂದು ಹೊಕ್ಕು. ತೂತಿದ್ದ ಕಡೆ ಸೂಜಿ ಒಳಗೆ ಹೋಗುತ್ತೆ, ಕೊಕ್ಕೆ ಹಾಸಿನ ಎಳೆ ಎತ್ತುತ್ತೆ. ತೂತಿಲ್ಲ ಅಂದ್ರೆ ಸೂಜಿನ ಹಿಂದಕ್ಕೆ ತಳ್ಳುತ್ತೆ, ಎಳೆ ಕೆಳಗೇ ಇರುತ್ತೆ. ಹೂವು, ಮಾವಿನಕಾಯಿ, ಹಂಸ, ಎಲ್ಲಾ ಇಷ್ಟೇ. ನಮ್ಮಪ್ಪ ರಾತ್ರಿ ಕೂತು ಕಾರ್ಡು ಹೊಲಿಯೋರು. ಒಂದು ಕಾರ್ಡು ಹಿಂದುಮುಂದಾದ್ರೆ ಸೆರಗೇ ಹೋಯ್ತು."

ಲಿಯೋನಿನಲ್ಲೇ ಹುಟ್ಟಿದ ಜೋಸೆಫ್ ಮಾರಿ ಜಕಾರ್ಡ್ ಹಿಂದಿನವರ ಪ್ರಯತ್ನಗಳನ್ನು ಒಂದುಗೂಡಿಸಿ 1804ರ ಹೊತ್ತಿಗೆ ಈ ಯಂತ್ರವನ್ನು ಕೆಲಸಕ್ಕೆ ತಂದ. ಅದಕ್ಕೆ ಮುಂಚೆ ಚಿತ್ತಾರದ ಬಟ್ಟೆಗೆ ನೇಕಾರನ ಜೊತೆ ಇನ್ನೊಬ್ಬರು ಕೂತು ಹೊಕ್ಕಿಗೊಮ್ಮೆ ಹುರಿಗಳನ್ನು ಎಳೆಯಬೇಕಿತ್ತು, ಹಲವು ವೇಳೆ ಮಕ್ಕಳು. ಯಂತ್ರ ಬಂದಮೇಲೆ ಆ ಕೆಲಸ ಹೋಯಿತು. 1839ರಲ್ಲಿ ಇದೇ ಊರಿನಲ್ಲಿ ಜಕಾರ್ಡ್‌ನ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯ್ದರು, ಅದಕ್ಕೆ ಬಳಸಿದ ಕಾರ್ಡುಗಳು 24,000. ಲಂಡನ್ನಿನಲ್ಲಿ ಲೆಕ್ಕದ ಯಂತ್ರ ಕಟ್ಟಲು ಹೆಣಗುತ್ತಿದ್ದ ಚಾರ್ಲ್ಸ್ ಬ್ಯಾಬೇಜ್ ಅದರ ಒಂದು ಪ್ರತಿ ತರಿಸಿಕೊಂಡ, ತನ್ನ ಯಂತ್ರಕ್ಕೂ ಅಂಥದ್ದೇ ಕಾರ್ಡನ್ನು ಅವನು ಮೊದಲೇ ಯೋಚಿಸಿದ್ದ. ನಮ್ಮ ದೊಡ್ಡಬಳ್ಳಾಪುರ ಮಗ್ಗ ಬಿಟ್ಟು ಕಂಪ್ಯೂಟರಿಗೆ ಹೋದ ಎಂದು ಅವರ ಮನೆಯಲ್ಲಿ ಇನ್ನೂ ಬೇಜಾರಿದೆಯಂತೆ. ಅಷ್ಟೇನೂ ದೂರ ಹೋಗಿಲ್ಲ ಎಂದು ಹೇಳು ಎಂದೆವು.

ಪ್ರದರ್ಶನ ಮುಗಿದಮೇಲೆ ತೋರಿಸಿದಾಕೆಗೆ ಅವನು ಫೋನಿನಲ್ಲಿ ತಮ್ಮ ಮನೆಯ ವಿದ್ಯುತ್ ಮಗ್ಗದ ವಿಡಿಯೋ ಹಾಕಿದ. ಆಕೆ ಶಬ್ದ ಜೋರು ಮಾಡಲು ಸನ್ನೆ ಮಾಡಿ ಕಿವಿಯಿಟ್ಟು ಕೇಳಿದಳು. ಅಂಚಿನ ಜರಿಯನ್ನು ಬೆರಳಿನಲ್ಲಿ ಹಿಗ್ಗಿಸಿ ನೋಡಿ, ನಿಮಿಷಕ್ಕೆ ಎಷ್ಟು ಹೊಕ್ಕು ಎಂಬುದನ್ನು ಕೈಬೆರಳಿನಲ್ಲಿ ಕೇಳಿದಳು, ಇವನು ಕೈಬೆರಳಿನಲ್ಲೇ ಹೇಳಿದ. ಮುಂದಿನ ಗುಂಪು ಬಾಗಿಲಲ್ಲಿ ಕಾಯುತ್ತಿತ್ತು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

ಈ ಮಗ್ಗಕ್ಕಾಗಿಯೇ ಕ್ರುವಾ ರೂಸ್‌ನ ಮನೆಗಳನ್ನು ಕಟ್ಟಿದ್ದಾರೆ. ಜಕಾರ್ಡ್ ಹೊತ್ತ ಮಗ್ಗದ ಎತ್ತರಕ್ಕೆ ತಕ್ಕಂತೆ ಸುಮಾರು ನಾಲ್ಕು ಮೀಟರ್ ಎತ್ತರದ ಸೂರು, ಬಣ್ಣ ಗೊತ್ತಾಗುವಷ್ಟು ಬೆಳಕಿಗೆ ಎತ್ತರದ ಕಿಟಕಿಗಳು, ಸೂರಿನ ಕೆಳಗೆ ಮರದ ಅಟ್ಟ, ಮನೆಮಂದಿ ಮಲಗುತ್ತಿದ್ದದ್ದು ಆ ಅಟ್ಟದ ಮೇಲೆ. ನೆಲ ಮಗ್ಗದ್ದು. ಇಂದು ಅದೇ ಎತ್ತರದ ಸೂರಿಗಾಗಿ ಹಣವಂತರು ಮುಗಿಬಿದ್ದು ಈ ಮನೆಗಳನ್ನು ಕೊಳ್ಳುತ್ತಾರೆ.

ನೇಯ್ಗೆಗೆ ಕನಿಷ್ಠ ದರ ಬೇಕೆಂದು 1831ರಲ್ಲಿ ಕಾನ್ಯುಗಳು ಕೇಳಿದರು. ದರಪಟ್ಟಿಯೂ ಒಪ್ಪಂದವಾಯಿತು, ಆದರೆ ಹಲವು ವ್ಯಾಪಾರಿಗಳು ಕೊಡಲೊಲ್ಲೆವೆಂದರು. ನವೆಂಬರ್‌ನಲ್ಲಿ ನೇಕಾರರು ಈ ಗುಡ್ಡದಿಂದ ಇಳಿದು ಬಂದು ಕೆಲವು ದಿನ ಊರನ್ನೇ ಕೈಗೆ ತೆಗೆದುಕೊಂಡರು. ದುಡಿದು ಬದುಕುತ್ತೇವೆ, ಇಲ್ಲವೇ ಹೋರಾಡಿ ಸಾಯುತ್ತೇವೆ ಎನ್ನುವುದು ಅವರ ಘೋಷಣೆ. ಪ್ಯಾರಿಸ್ ಸೈನ್ಯ ಕಳಿಸಿತು, ದರಪಟ್ಟಿ ರದ್ದಾಯಿತು. 1834ರಲ್ಲಿ ಮತ್ತೆ ಎದ್ದರು, ಆಗ ಇನ್ನೂ ಹೆಚ್ಚು ರಕ್ತ ಹರಿಯಿತು. ಇದೇ ಗುಡ್ಡದ ವೊರಾಸ್ ಅಂಗಳದಲ್ಲಿ ಆರು ಮಹಡಿಯ ಕಲ್ಲಿನ ಮೆಟ್ಟಿಲು ಬಯಲಿಗೆ ತೆರೆದುಕೊಂಡು ನಿಂತಿದೆ. ಎಲ್ಲರೂ ಫೋಟೋ ತೆಗೆಯುವ ಜಾಗ, ನಾವೂ ತೆಗೆದೆವು.

ಇಳಿಯುವ ದಾರಿಯಲ್ಲಿ ಸೇಂ ಪಾಲಿಕಾರ್ಪ್ ಬೀದಿಯ ಕಟ್ಟಡವೊಂದರ ಮುಂದೆ ದೊಡ್ಡಬಳ್ಳಾಪುರ ನಿಂತ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ರೇಷ್ಮೆಯ ತೇವ ಅಳೆಯಲು ಕಟ್ಟಿದ್ದು. ಈಗ ಒಳಗೆ ಗ್ರಂಥಾಲಯವಿದೆ. ರೇಷ್ಮೆ ಕೈಗೆ ಒದ್ದೆ ಎನಿಸದೆಯೇ ಗಾಳಿಯ ತೇವವನ್ನು ಸಾಕಷ್ಟು ಹೀರಿಕೊಳ್ಳುತ್ತದೆ, ತೂಕ ಏರುತ್ತದೆ. ಮಾರುವವನಿಗೆ ಲಾಭ, ಕೊಳ್ಳುವವನಿಗೆ ನಷ್ಟ. ಹಾಗಾಗಿ ಮಾಲನ್ನು ಇಲ್ಲಿ ತಂದು, ತೇವ ಕಳೆದ ಲೆಕ್ಕದಲ್ಲಿ ಸರ್ಕಾರಿ ತೂಕ ನಿಗದಿ ಮಾಡುತ್ತಿದ್ದರು. "ತೂಕದ ಜಗಳ ಕೇಳಬೇಕು ಅಂದ್ರೆ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಬನ್ನಿ" ಎಂದು ನಗುತ್ತ ಅವನು ಬಾಗಿಲಿನ ಮೇಲೆ ಕೆತ್ತಿದ್ದನ್ನೆಲ್ಲ ಫೋಟೋ ತೆಗೆದುಕೊಂಡ.

ಗುಡ್ಡದ ಬುಡದ ರೊಯಾಲ್ ಬೀದಿಯಲ್ಲಿ ಬ್ರಾಜಿಯೇ ಅಮ್ಮನ ಹೋಟೆಲು. ಲಿಯೋನಿನ ಊಟದ ಹೆಸರಿಗೆ ಮೂಲ ಈ 'ಅಮ್ಮ'ಂದಿರು: ಸಿರಿವಂತರ ಮನೆಗಳಲ್ಲಿ ಅಡುಗೆಗಿದ್ದು, ಆಮೇಲೆ ತಮ್ಮದೇ ಪುಟ್ಟ ಊಟದ ಮನೆ ತೆರೆದ ಹೆಂಗಸರು. ಯೂಜೆನಿ ಬ್ರಾಜಿಯೇ ಹಳ್ಳಿಯ ಹುಡುಗಿ, ಮದುವೆಯಿಲ್ಲದೆ ಮಗು ಹೆತ್ತು ಊರು ಬಿಟ್ಟವಳು. ಮನೆಗೆಲಸಕ್ಕೆಂದು ಲಿಯೋನಿಗೆ ಬಂದು, ಇನ್ನೊಬ್ಬ ಅಮ್ಮನ ಕೈಕೆಳಗೆ ಪಳಗಿ, 1921ರಲ್ಲಿ ಈ ಹೋಟೆಲು ತೆರೆದಳು. 1933ರಲ್ಲಿ ಅವಳ ಎರಡು ಹೋಟೆಲುಗಳಿಗೆ ಒಳ್ಳೆಯ ಊಟದ ಮನೆಗಳಿಗೆ ಮಿಶೆಲಿನ್ ಕೈಪಿಡಿ ಕೊಡುವ ನಕ್ಷತ್ರಗಳು ತಲಾ ಮೂರರಂತೆ ಆರು ಬಂದವು. ಲೋಕವಿಖ್ಯಾತ ಅಡುಗೆಯವನಾದ ಪಾಲ್ ಬೊಕ್ಯೂಸ್ ಹುಡುಗನಾಗಿದ್ದಾಗ ಅವಳ ಅಡುಗೆಮನೆಯಲ್ಲಿ ದುಡಿದಿದ್ದ. ಅಡುಗೆಯ ಜೊತೆಗೆ ಹಸು ಕರೆಯುವುದು, ಬಟ್ಟೆ ಒಗೆಯುವುದೂ ಅವನ ಪಾಲಿಗಿತ್ತು. ನಾವು ಬಾಗಿಲಲ್ಲಿ ಅಂಟಿಸಿದ ಮೆನುವಿನ ಬೆಲೆ ಓದಿ, ಗೌರವ ಸಲ್ಲಿಸಿ ಮುಂದೆ ನಡೆದೆವು.

ಭಾನುವಾರ

ಬೊಕ್ಯೂಸ್ ಹೆಸರಿನ ಮಾರುಕಟ್ಟೆ ಪಾರ್ ದಿಯೂ ಹತ್ತಿರ, ಗಾಜಿನ ಸಾದಾ ಕಟ್ಟಡದಲ್ಲಿದೆ. ಹೊರಗಿನಿಂದ ಆಫೀಸು, ಒಳಗೆ ಹಬ್ಬ. ಬ್ರೆಸ್ ಸೀಮೆಯ ಕೋಳಿಗಳನ್ನು ತಲೆ ಸಮೇತ ಸಾಲಾಗಿ ಮಲಗಿಸಿದ್ದರು. ಬಿಳಿ ಪುಕ್ಕ, ಕೆಂಪು ಜುಟ್ಟು, ನೀಲಿ ಕಾಲು, ಫ್ರಾನ್ಸಿನ ಬಾವುಟದ ಮೂರು ಬಣ್ಣವೂ ಒಂದೇ ಕೋಳಿಯಲ್ಲಿ. ಬೆಲೆ ಕೂಡ ರಾಷ್ಟ್ರೀಯ ಮಟ್ಟದ್ದೇ. ಕಪ್ಪೆಚಿಪ್ಪು, ಸಿಂಪಿಗಳನ್ನು ಅಲ್ಲೇ ಒಡೆಸಿಕೊಂಡು ನಿಂತೇ ತಿನ್ನುವವರ ಗುಂಪು. ಚೀಸಿನ ಅಂಗಡಿಯಲ್ಲಿ ಸೇಂ ಮಾರ್ಸೆಲಾಂ ಕೇಳಿದೆವು: ಅಂಗೈಯಗಲದ ಬಿಲ್ಲೆ, ಹಣ್ಣಾದಮೇಲೆ ಸಿಪ್ಪೆಯೊಳಗೆ ನಿಲ್ಲದೆ ಹರಿದುಬಿಡುತ್ತದೆ. ಧಾರವಾಡ ಗುಲಾಬಿ ಪ್ರಾಲೀನ್‌ಗೆ ಬಿದ್ದಳು. ಬಾದಾಮಿಗೆ ಕಣ್ಣು ಕುಕ್ಕುವ ಗುಲಾಬಿ ಬಣ್ಣದ ಸಕ್ಕರೆ ಕವಚ. ಹಾಗೇ ತಿನ್ನಬಹುದು, ಬೆಣ್ಣೆ ಬ್ರೆಡ್ಡಿನೊಳಗೆ ಹುದುಗಿಸುತ್ತಾರೆ, ಕೆನೆಯಲ್ಲಿ ಕರಗಿಸಿ ಟಾರ್ಟ್ ಮಾಡುತ್ತಾರೆ. ಟಾರ್ಟ್ ನೋಡಲು ಭಯ ಹುಟ್ಟಿಸುವ ಕೆಂಪು, ತಿಂದರೆ ಅತಿ ಸಿಹಿ. ಬ್ರೆಡ್ಡಿನದು ಮಾತ್ರ ಬಿಸಿಬಿಸಿಯಾಗಿ ಸಿಕ್ಕರೆ ಬಿಡಬಾರದು.

ಅಲ್ಲಿಂದ ಮೆಟ್ರೋದಲ್ಲಿ ಮೊಂಪ್ಲೆಸೀರ್‌ಗೆ. ಲ್ಯೂಮಿಯೇರ್ ಅಣ್ಣತಮ್ಮಂದಿರ ಅಪ್ಪ ಕಟ್ಟಿಸಿದ ಬಂಗಲೆ ಈಗ ಸಿನಿಮಾ ಸಂಗ್ರಹಾಲಯ, ಎದುರಿನ ಬೀದಿಯ ಹೆಸರೇ ಮೊದಲ ಸಿನಿಮಾದ ಬೀದಿ. 1895ರ ಮಾರ್ಚ್‌ನಲ್ಲಿ ಅವರ ಫೋಟೋ ತಟ್ಟೆಯ ಕಾರ್ಖಾನೆಯಿಂದ ಕೆಲಸಗಾರರು ಹೊರಬರುವುದನ್ನು ಇಲ್ಲೇ ಚಿತ್ರೀಕರಿಸಿದರು, ಒಂದು ನಿಮಿಷವೂ ಇಲ್ಲ. ಆ ಕಾರ್ಖಾನೆಯ ಉಳಿದ ಚಾವಣಿಯನ್ನು ಗಾಜಿನಿಂದ ಸುತ್ತುವರಿದು ಈಗ ಚಿತ್ರಮಂದಿರ ಮಾಡಿದ್ದಾರೆ. ಚಿತ್ರದ ಮೂರು ಪ್ರತಿಗಳಿವೆ: ಒಂದರಲ್ಲಿ ಒಂದು ಕುದುರೆ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಕುದುರೆಯೇ ಇಲ್ಲ. ಬೇಸಿಗೆಯ ಬಟ್ಟೆ ತೊಟ್ಟವರಿರುವ ಪ್ರತಿ ಯಾವುದು, ಮತ್ತೆ ತೆಗೆದದ್ದು ಯಾವುದು ಎಂದು ದೊಡ್ಡಬಳ್ಳಾಪುರ ಮತ್ತು ಪುತ್ತೂರು ವಾದಕ್ಕೆ ಬಿದ್ದರು. ಧಾರವಾಡ ಕಂಡುಹಿಡಿದದ್ದು ಬೇರೆ: "ಬಾಗಲಾ ದಾಟಿ ಬರೋರಾಗ ಹೆಣ್ಮಕ್ಕಳ ಎಷ್ಟ್ ಮಂದಿ ನೋಡ್ರಿ. ಕೆಲಸ ಮುಗಿಸಿ ಊಟಕ್ಕ ಓಡಾಕತ್ತಾರ, ಕ್ಯಾಮೆರಾ ಕಡೆ ಒಬ್ಬಾಕಿನೂ ನೋಡವಲ್ಲಳು." ಪ್ಯಾರಿಸ್‌ನ ಮೊದಲ ಟಿಕೆಟ್ ಪ್ರದರ್ಶನ ಅದೇ ವರ್ಷ ಡಿಸೆಂಬರ್ 28ಕ್ಕೆ, ಏಳು ತಿಂಗಳೂ ಕಳೆಯದೆ, 1896ರ ಜುಲೈ 7ರಂದು ಲ್ಯೂಮಿಯೇರ್ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನ ಪರದೆ ಮೇಲಿದ್ದವು. ಅದೇ ಅಣ್ಣತಮ್ಮಂದಿರು ಬಣ್ಣದ ಫೋಟೋಗೂ ದಾರಿ ಮಾಡಿದರು. ಬಣ್ಣ ಹಾಕಿದ ಆಲೂಗಡ್ಡೆ ಗಂಜಿಯ ಕಣಗಳನ್ನು ಗಾಜಿನ ಮೇಲೆ ಹರಡಿದ್ದು ಅದರ ಗುಟ್ಟು. ಊಟದ ಊರಿನಲ್ಲಿ ಫೋಟೋಗೂ ತರಕಾರಿಯೇ ಬೇಕಾಯಿತು.

ಉಳಿದ ಗಂಟೆಯಲ್ಲಿ ನದಿಗಳು ಕೂಡುವ ಜಾಗಕ್ಕೆ ಹೋದೆವು. ಗಾಜು ಉಕ್ಕಿನ ದೊಡ್ಡ ವಸ್ತುಸಂಗ್ರಹಾಲಯವೊಂದು 2014ರಿಂದ ಅಲ್ಲಿದೆ, ಒಳಗೆ ಹೋಗಲು ಹೊತ್ತಿರಲಿಲ್ಲ. ತುದಿಯಲ್ಲಿ ನಿಂತರೆ ಎರಡು ನೀರು ಸ್ವಲ್ಪ ದೂರ ಬೇರೆ ಬೇರೆ ಬಣ್ಣದಲ್ಲೇ ಹರಿಯುವುದು ಕಾಣುತ್ತದೆ. ಗಾಳಿ ಜೋರಿತ್ತು, ನಿಂತದ್ದು ಐದೇ ನಿಮಿಷ.

ನಿಲ್ದಾಣದಲ್ಲಿ ಪಾಲು ಹಂಚಿಕೆ. ದೊಡ್ಡಬಳ್ಳಾಪುರದ ಚೀಲದಲ್ಲಿ ಸಂಗ್ರಹಾಲಯದಲ್ಲಿ ಕೊಂಡ ರೇಷ್ಮೆ ಟೈ, ಅಪ್ಪನಿಗೆ. ಅವರು ಟೈ ಕಟ್ಟುವವರಲ್ಲ, ತಿರುಗಿಸಿ ಹಿಂಭಾಗದ ನೇಯ್ಗೆ ನೋಡುತ್ತಾರೆ, ಅಷ್ಟಕ್ಕೇ ಎಂದ. ಪ್ರಾಲೀನ್ ಬೆಂಗಳೂರಿಗೆ. ಸೇಂ ಮಾರ್ಸೆಲಾಂ ಡಬ್ಬಿಯ ಅಂಚಿನಲ್ಲಿ ಆಗಲೇ ಜಿನುಗುತ್ತಿತ್ತು. ಅದನ್ನು ಹಿಡಿದು ವಿಮಾನ ಹತ್ತಬೇಡಿ ಎಂದು ಪುತ್ತೂರು ತಾನೇ ಇಟ್ಟುಕೊಂಡ. ಅವನ ಗ್ರೆನೋಬಲ್ ರೈಲು ನಮ್ಮದಕ್ಕಿಂತ ಮೊದಲು ಹೊರಟಿತು. ಅರ್ಧ ಗಂಟೆಯೊಳಗೆ ನಮ್ಮ ಫೋನಿಗೆ ಖಾಲಿ ಡಬ್ಬಿಯ ಫೋಟೋ ಬಂತು.